ಹೆಸರಿಲ್ಲದ ಚೀನೀ ಕಾರ್ಬನ್ ಫ್ರೇಮಿನಲ್ಲಿ ರೋಡ್ ಬೈಕ್ ಕಟ್ಟುವುದು ಹೇಗೆ

ಕಾರ್ಬನ್ ಸೈಕಲ್ ಫ್ರೇಮಿನ ಮೇಲೆ ಇಟಲಿಯ ಹೆಸರಿರಲಿ, ಅಮೆರಿಕದ ಹೆಸರಿರಲಿ, ಅದು ತಯಾರಾಗಿರುವುದು ಹೆಚ್ಚಾಗಿ ತೈವಾನ್ ಅಥವಾ ಚೀನಾದಲ್ಲಿ. ಶಿಯಾಮೆನ್, ಶೆನ್‌ಜೆನ್, ಡಾಂಗ್‌ಗುವಾನ್ ಸುತ್ತಮುತ್ತ ಇಂತಹ ಕಾರ್ಖಾನೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ತಮ್ಮದೇ ಅಚ್ಚಿನಲ್ಲಿ ತೆಗೆದ ಫ್ರೇಮುಗಳನ್ನು ಹೆಸರು ಹಾಕದೆ ಯಾರಿಗೆ ಬೇಕಾದರೂ ಮಾರುತ್ತವೆ. ಇವಕ್ಕೆ ಓಪನ್ ಮೋಲ್ಡ್ ಫ್ರೇಮ್ ಎಂದು ಹೆಸರು. ಅದೇ ಫ್ರೇಮನ್ನು ಯುರೋಪಿನ ಸಣ್ಣ ಕಂಪನಿಯೊಂದು ಕೊಂಡು, ತನ್ನ ಹೆಸರು ಬರೆದು, ಎರಡು ಮೂರು ಪಟ್ಟು ಬೆಲೆಗೆ ಮಾರುವುದೂ ಉಂಟು.

ಹಾಗಾದರೆ ಹೆಸರಿಗೆ ಕೊಡುವ ಹೆಚ್ಚುವರಿ ಹಣ ಪೂರ್ತಿ ದಂಡವೇ? ಅಲ್ಲ. ದೊಡ್ಡ ಕಂಪನಿಯೊಂದು ಫ್ರೇಮಿನ ಪದರಗಳ ವಿನ್ಯಾಸ ಮಾಡುತ್ತದೆ, ಪ್ರತಿ ಕಂತಿನಿಂದ ಕೆಲವನ್ನು ಮುರಿಯುವವರೆಗೂ ಪರೀಕ್ಷಿಸುತ್ತದೆ, ಅಳತೆ ತಪ್ಪಿದ್ದನ್ನು ಕಾರ್ಖಾನೆಗೇ ಹಿಂದಿರುಗಿಸುತ್ತದೆ. ಹೆಸರಿಲ್ಲದ ಫ್ರೇಮ್ ಕೊಂಡಾಗ ಆ ಪರೀಕ್ಷಕನ ಕುರ್ಚಿ ಖಾಲಿಯಾಗಿರುತ್ತದೆ. ಅಲ್ಲಿ ನೀವು ಕೂರಬೇಕು. ಕೂರಲು ಸಮಯ, ತಾಳ್ಮೆ ಮತ್ತು ಒಂದಷ್ಟು ಉಪಕರಣ ಇಲ್ಲದವರು ಅಂಗಡಿಯಲ್ಲಿ ಸಿಗುವ ಒಳ್ಳೆಯ ಅಲ್ಯೂಮಿನಿಯಂ ಬೈಕನ್ನು ಕೊಳ್ಳುವುದೇ ವಾಸಿ. ಮೊದಲ ರೋಡ್ ಬೈಕ್ ಕೊಳ್ಳುತ್ತಿರುವವರಿಗೂ ಇದೇ ಮಾತು. ತಮಗೆ ಯಾವ ಅಳತೆ ಹೊಂದುತ್ತದೆ ಎಂದು ತಿಳಿಯದವರಿಗೆ ಯಾವ ದೇಶದ ಕಾರ್ಬನ್ನೂ ಸಹಾಯ ಮಾಡುವುದಿಲ್ಲ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡಬೇಕು. ಹೆಸರಿಲ್ಲದ ಫ್ರೇಮ್ ಬೇರೆ, ಕಳ್ಳ ಹೆಸರಿನ ಫ್ರೇಮ್ ಬೇರೆ. ಇಟಲಿಯ ಪಿನರೆಲೊ ಕಂಪನಿಯ ಆಕಾರವನ್ನೂ ಹೆಸರನ್ನೂ ಕದ್ದು ಮಾರುವ ಫ್ರೇಮುಗಳಿಗೆ ಸೈಕಲ್ ಲೋಕದಲ್ಲಿ ‘ಚೈನರೆಲೊ’ ಎಂಬ ಅಡ್ಡಹೆಸರೇ ಬಿದ್ದಿದೆ. ಅದನ್ನು ಮಾಡಿದವನಿಗೆ ತನ್ನ ಹೆಸರು ಕೆಡುವ ಭಯವಿಲ್ಲ. ಒಳಗೆ ಏನು ತುಂಬಿದ್ದಾನೆ ಎಂದು ಕೇಳುವ ಹಕ್ಕು ನಿಮಗಿಲ್ಲ. ಅಂಥದ್ದನ್ನು ಮುಟ್ಟಬೇಡಿ. ಈ ಲೇಖನ ಅದರ ಬಗ್ಗೆ ಅಲ್ಲ.

ಮೊದಲು ಅಳತೆ, ಆಮೇಲೆ ಬಣ್ಣ

ಮಾರಾಟಗಾರ ‘52’, ‘54’ ಎಂದು ಬರೆದ ಸಂಖ್ಯೆಯನ್ನು ನಂಬಿ ಆರಿಸಬೇಡಿ. ಒಬ್ಬರ 52 ಇನ್ನೊಬ್ಬರ 54 ಆಗಿರುತ್ತದೆ. ನೋಡಬೇಕಾದದ್ದು ಎರಡು ಅಳತೆ: ಸ್ಟ್ಯಾಕ್ ಮತ್ತು ರೀಚ್. ಪೆಡಲುಗಳ ತಿರುಗುವ ದಂಡ ಕೂರುವ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ, ಹ್ಯಾಂಡಲಿನ ಕೆಳಗಿರುವ ಹೆಡ್ ಟ್ಯೂಬಿನ ಮೇಲ್ತುದಿಗೆ ಇರುವ ಲಂಬ ಎತ್ತರ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ ರೀಚ್. ಈಗ ಓಡಿಸುತ್ತಿರುವ, ಮೈಗೆ ಒಗ್ಗಿದ ಬೈಕಿನ ಇವೆರಡನ್ನೂ ಬರೆದುಕೊಳ್ಳಿ. ಜೊತೆಗೆ ಹ್ಯಾಂಡಲ್‌ಬಾರನ್ನು ಹಿಡಿಯುವ ಸ್ಟೆಮ್ಮಿನ ಉದ್ದ, ಅದರ ಕೆಳಗಿರುವ ಸ್ಪೇಸರ್ ಉಂಗುರಗಳ ಎತ್ತರ, ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲ್‌ಬಾರಿಗಿರುವ ದೂರ.

ಚೀನಾದಲ್ಲಿ ಸುಲಭವಾಗಿ ಸಿಗುವ ಅಚ್ಚುಗಳಲ್ಲಿ ಹೆಚ್ಚಿನವು ರೇಸ್ ಬೈಕುಗಳನ್ನು ಅನುಕರಿಸಿದವು. 54ರ ಅಳತೆಯ ರೇಸ್ ಫ್ರೇಮಿನಲ್ಲಿ ಸ್ಟ್ಯಾಕ್ 540 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ದೂರದ ಸವಾರಿಗೆಂದು ರೂಪಿಸಿದ ಎಂಡ್ಯೂರೆನ್ಸ್ ಫ್ರೇಮಿನಲ್ಲಿ 565ರಿಂದ 580. ಮೂರು ಸೆಂಟಿಮೀಟರ್ ಕಾಗದದ ಮೇಲೆ ಏನೂ ಅಲ್ಲ. ಆದರೆ 13.5 ಗಂಟೆಯೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆ ಎಂಬ ಕಾಲಮಿತಿಯ ದೂರ ಸವಾರಿಯ ಕೊನೆಯ ಭಾಗದಲ್ಲಿ ಕುತ್ತಿಗೆ ಮತ್ತು ಸೊಂಟ ಅದನ್ನು ಚೆನ್ನಾಗಿ ಅಳೆಯುತ್ತವೆ. ಕೊರತೆಯನ್ನು ಸ್ಪೇಸರ್ ಹಾಕಿ ತುಂಬಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ. ಮುಂಚಕ್ರ ಹಿಡಿಯುವ ಫೋರ್ಕಿನಿಂದ ಮೇಲೇರುವ ಕಾರ್ಬನ್ ಕೊಳವೆಗೆ ಸ್ಟೀರರ್ ಎಂದು ಹೆಸರು. ಅದರ ಮೇಲೆ ಸ್ಟೆಮ್ಮಿನ ಕೆಳಗೆ 30 ಮಿ.ಮೀ.ಗಿಂತ ಹೆಚ್ಚು ಸ್ಪೇಸರ್ ಇಡದಿರುವುದು ಕ್ಷೇಮ.

ಹ್ಯಾಂಡಲ್‌ಬಾರ್ ಮತ್ತು ಸ್ಟೆಮ್ ಒಂದೇ ತುಂಡಾಗಿರುವ ಸೆಟ್ಟು ನೋಡಲು ಚಂದ. ಆದರೆ ಉದ್ದ ಒಂದು ಸೆಂಟಿಮೀಟರ್ ತಪ್ಪಿದರೂ ಪೂರ್ತಿ ಸೆಟ್ಟು ಬದಲಿಸಬೇಕು. ಮೊದಲ ಬಾರಿ ಕಟ್ಟುವವರು ಬೇರೆ ಬೇರೆ ಸ್ಟೆಮ್ಮು, ಬಾರು ಹಾಕಲು ಬರುವ ಫ್ರೇಮನ್ನೇ ಆರಿಸಿ.

ಫ್ರೇಮಿನ ವಿವರಪಟ್ಟಿ ಓದುವುದು

ಎಲ್ಲ ಜಾಹೀರಾತಿನಲ್ಲೂ ‘ಟಿ700’, ‘ಟಿ800’, ‘ಟಿ1000’ ಎಂದಿರುತ್ತದೆ. ಇವು ಜಪಾನಿನ ಟೋರೆ ಕಂಪನಿಯ ಕಾರ್ಬನ್ ಎಳೆಗಳ ದರ್ಜೆಗಳು. ಟಿ700ರ ಎಳೆತದ ಬಲ ಸುಮಾರು 4900 ಮೆಗಾಪ್ಯಾಸ್ಕಲ್, ಟಿ1000ದ್ದು 6300ಕ್ಕಿಂತ ಹೆಚ್ಚು. ಟಿ800 ಬೋಯಿಂಗ್ 787 ವಿಮಾನದ ಮೈಯಲ್ಲೂ ಇದೆ. ಇಷ್ಟೆಲ್ಲ ನಿಜವಾದರೂ ಈ ಸಂಖ್ಯೆಗಳಿಂದ ನಿಮ್ಮ ಫ್ರೇಮಿನ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಅಂಟು ಮೆತ್ತಿದ ಕಾರ್ಬನ್ ಹಾಳೆಗಳನ್ನು ನೂರಾರು ತುಂಡುಗಳಾಗಿ ಕತ್ತರಿಸಿ, ಯಾವ ತುಂಡು ಯಾವ ಕೋನದಲ್ಲಿ ಕೂರಬೇಕೋ ಹಾಗೆ ಕೈಯಿಂದಲೇ ಜೋಡಿಸಿ, ಒಳಗಿನಿಂದ ಗಾಳಿಚೀಲದ ಒತ್ತಡ ಕೊಟ್ಟು, ಲೋಹದ ಅಚ್ಚಿನಲ್ಲಿ ಬೇಯಿಸುತ್ತಾರೆ. ಜೋಡಿಸಿದವರ ಕೈಚಳಕ ಮತ್ತು ಆ ಒತ್ತಡ ಸರಿಯಿದ್ದರೆ ಟಿ700 ಫ್ರೇಮ್ ದಶಕಗಟ್ಟಲೆ ಬಾಳುತ್ತದೆ. ಸರಿಯಿಲ್ಲದಿದ್ದರೆ ಟಿ1000 ಸುಕ್ಕುಗಟ್ಟಿ ಸೀಳುತ್ತದೆ. ತೂಕದ ವಿಷಯವೂ ಹೀಗೆಯೇ. ಹೆಸರಿಲ್ಲದ ಕಾರ್ಖಾನೆಯ 750 ಗ್ರಾಂ ಫ್ರೇಮಿಗಿಂತ 1000–1100 ಗ್ರಾಮಿನದ್ದನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ. ನಂದಿ ಬೆಟ್ಟ ಹತ್ತುವಾಗ 300 ಗ್ರಾಂ ಉಳಿತಾಯದಿಂದ ಸಿಗುವುದು ಕೆಲವೇ ಸೆಕೆಂಡು.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಬೇಸರ ತರಿಸುವ ವಿವರಗಳ ಬಗ್ಗೆ.

ಬಾಟಮ್ ಬ್ರಾಕೆಟ್ ತಿರುಪಿನದ್ದೇ ಇರಲಿ: 68 ಮಿ.ಮೀ. ಅಗಲದ ಹಳೆಯ ಬಿಎಸ್‌ಎ ಅಥವಾ ಅದಕ್ಕಿಂತ ದೊಡ್ಡ ಟಿ47. ಬಿಬಿ86, ಬಿಬಿ386 ಮುಂತಾದ ಒತ್ತಿ ಕೂರಿಸುವ ಬಗೆಗಳಲ್ಲಿ ಬೇರಿಂಗ್ ಕೂರುವ ರಂಧ್ರ ಪೂರ್ಣ ದುಂಡಾಗಿರಬೇಕು, ಎರಡೂ ಬದಿಯ ರಂಧ್ರಗಳ ನಡುಗೆರೆ ಒಂದೇ ಆಗಿರಬೇಕು. ಅಗ್ಗದ ಫ್ರೇಮಿನಲ್ಲಿ ಮೊದಲು ತಪ್ಪುವ ಅಳತೆ ಇದೇ, ಆಮೇಲೆ ಜೀವನಪೂರ್ತಿ ಕಿರುಗುಟ್ಟುವುದೂ ಇದೇ. ತಿರುಪಿನ ಬಗೆಯಲ್ಲಿ ಲೋಹದ ಕೊಳವೆಯೊಂದು ಒಳಗೆ ಅಂಟಿರುವುದರಿಂದ ಈ ಗೋಳು ಕಡಿಮೆ.

ಬ್ರೇಕ್ ಡಿಸ್ಕೇ ಇರಲಿ. ಘಟ್ಟದ ಇಳಿಜಾರಿನಲ್ಲಿ ಕಾರ್ಬನ್ ರಿಮ್ಮನ್ನೇ ಉಜ್ಜಿ ನಿಲ್ಲಿಸುವ ಹಳೆಯ ಪದ್ಧತಿಯಲ್ಲಿ ರಿಮ್ ಕಾದು ಅದರ ಅಂಟೇ ಮೆತ್ತಗಾಗುವ ಅಪಾಯವಿದೆ. ಮಳೆಯಲ್ಲಿ ಬ್ರೇಕ್ ಹಿಡಿಯುವುದೂ ತಡ. ಬ್ರೇಕ್ ಕೂರಿಸಲು ಫ್ಲ್ಯಾಟ್ ಮೌಂಟ್ ಬಗೆಯ ಜಾಗ, ಚಕ್ರಕ್ಕೆ ಮುಂದೆ 12×100, ಹಿಂದೆ 12×142 ಮಿ.ಮೀ.ನ ಥ್ರೂ ಆಕ್ಸಲ್ (ಚಕ್ರದ ನಡುವೆ ಹಾಯುವ ತಿರುಪಿನ ದಂಡ) ಇದ್ದರೆ ಈಗಿನ ಬಹುತೇಕ ಡಿಸ್ಕ್ ಚಕ್ರಗಳು ಹೊಂದುತ್ತವೆ. ಆಕ್ಸಲ್ ತಿರುಪಿನ ಎಳೆಗಳ ಅಂತರ 1.0, 1.5, 1.75 ಮಿ.ಮೀ. ಎಂದು ಮೂರು ಬಗೆ. ನಿಮ್ಮದು ಯಾವುದು ಎಂದು ಬರೆದಿಟ್ಟುಕೊಳ್ಳದಿದ್ದರೆ ಆಕ್ಸಲ್ ಕಳೆದುಹೋದ ದಿನ ಬೈಕು ಗೋಡೆಗೊರಗುತ್ತದೆ.

ಟೈರಿಗೆ 30 ಅಥವಾ 32 ಮಿ.ಮೀ. ಜಾಗ ಕೇಳಿ. ಕೇಬಲ್ಲುಗಳು ಹೆಡ್ ಟ್ಯೂಬಿನಿಂದ ಬಾಟಮ್ ಬ್ರಾಕೆಟ್ಟಿಗೆ ಇಳಿಯುವ ಡೌನ್ ಟ್ಯೂಬಿನಲ್ಲಿ ಒಳಹೋಗುವ ಫ್ರೇಮ್ ಸಿಕ್ಕರೆ ಅದೃಷ್ಟ. ಈಗ ಬಹುತೇಕ ಅಚ್ಚುಗಳಲ್ಲಿ ಹೋಸುಗಳು (ಬ್ರೇಕ್ ಎಣ್ಣೆಯ ಕೊಳವೆಗಳು) ಹೆಡ್‌ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗಲು ನೆರವಾಗುವ ಬೇರಿಂಗ್ ಜೋಡಿಯ, ಮೇಲಿನ ಬೇರಿಂಗಿನ ಮೂಲಕವೇ ಹಾಯುತ್ತವೆ. ಅಂದರೆ ಆ ಬೇರಿಂಗ್ ತುಕ್ಕು ಹಿಡಿದಾಗ ಬ್ರೇಕ್ ಹೋಸು ಬಿಚ್ಚದೆ ಬದಲಿಸಲು ಆಗುವುದಿಲ್ಲ. ಫ್ರೇಮ್ ಮೆಕ್ಯಾನಿಕಲ್ ಗೇರಿಗೆ ಒಪ್ಪುತ್ತದೆಯೇ, ಎಲೆಕ್ಟ್ರಾನಿಕ್ ಗೇರಿಗೆ ಮಾತ್ರವೇ ಎಂದೂ ಕೇಳಿ. ಸೀಟ್‌ಪೋಸ್ಟ್ ದುಂಡಗೆ 27.2 ಮಿ.ಮೀ. ಇದ್ದರೆ ಊರಿನ ಅಂಗಡಿಯಲ್ಲೂ ಸಿಗುತ್ತದೆ. ವಿಶೇಷ ಆಕಾರದ್ದಾದರೆ ಜೊತೆಗೆ ಬಂದದ್ದೇ ಗತಿ.

ಮಾರಾಟಗಾರನಿಗೆ ಪತ್ರ

ಚೀನಾದ ಆನ್‌ಲೈನ್ ಮಳಿಗೆಯಾದ ಅಲಿಎಕ್ಸ್‌ಪ್ರೆಸ್ ಆ್ಯಪನ್ನು ಭಾರತ ಸರ್ಕಾರ 2020ರ ನವೆಂಬರಿನಲ್ಲಿ ನಿಷೇಧಿಸಿತು. ಆದ್ದರಿಂದ ಇಲ್ಲಿನವರು ಕಾರ್ಖಾನೆಯ ಮಾರಾಟ ವಿಭಾಗಕ್ಕೇ ಇಮೇಲ್ ಬರೆದು ತರಿಸಿಕೊಳ್ಳುವುದು ರೂಢಿ. ಇದರಿಂದ ಒಂದು ಅನುಕೂಲವೂ ಇದೆ: ಪ್ರಶ್ನೆಗೆ ಬರುವ ಉತ್ತರದಿಂದಲೇ ಮನುಷ್ಯರನ್ನು ಅಳೆಯಬಹುದು. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 4210. ಅದರ ಆರನೆಯ ಭಾಗ ಫ್ರೇಮ್ ಮತ್ತು ಫೋರ್ಕಿನ ಪರೀಕ್ಷೆಗೆ ಸಂಬಂಧಿಸಿದ್ದು. ನೀವು ಕೊಳ್ಳುತ್ತಿರುವ ಮಾದರಿಯ ಸಂಖ್ಯೆಯೇ ಇರುವ ಪರೀಕ್ಷಾ ವರದಿಯನ್ನು ಕೇಳಿ. ಅಳತೆಗಳಿರುವ ರೇಖಾಚಿತ್ರ, ಸವಾರನ ತೂಕದ ಮಿತಿ, ಗ್ಯಾರಂಟಿಯ ಅವಧಿ, ಫೋರ್ಕಿನ ಸ್ಟೀರರ್ ಪೂರ್ತಿ ಕಾರ್ಬನ್ನೇ ಎಂಬುದನ್ನು ಕೇಳಿ. ನೇರ ಪ್ರಶ್ನೆಗೆ ‘ಚಿಂತೆ ಬೇಡ ಗೆಳೆಯ, ಉತ್ತಮ ಗುಣಮಟ್ಟ’ ಎಂದು ಉತ್ತರ ಬಂದರೆ ಅಲ್ಲಿಗೇ ಕೈಬಿಡಿ. ಗ್ಯಾರಂಟಿ ಎಂದರೆ ಸಾಮಾನ್ಯವಾಗಿ ಹೊಸ ಫ್ರೇಮ್ ಅವರದ್ದು, ಸಾಗಣೆ ವೆಚ್ಚ ನಿಮ್ಮದು ಎಂದು ಅರ್ಥ. ಅದನ್ನೂ ಬರಹದಲ್ಲಿ ಪಡೆಯಿರಿ.

ಆರ್ಡರ್ ಮಾಡುವಾಗಲೇ ಎರಡು ಹೆಚ್ಚುವರಿ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಯಂತ್ರ ತೂಗುವ ತುಂಡು), ಒಂದು ಸೀಟ್‌ಪೋಸ್ಟ್ ಬಿಗಿಸುವ ಬೆಣೆ, ಒಂದು ಜೊತೆ ಆಕ್ಸಲ್, ಒಂದು ಜೊತೆ ಹೆಡ್‌ಸೆಟ್ ಬೇರಿಂಗ್ ಸೇರಿಸಿ ತರಿಸಿಕೊಳ್ಳಿ. ಪೆಟ್ಟಿಗೆಯೊಳಗೆ ಇವುಗಳ ಬೆಲೆ ಏನೇನೂ ಅಲ್ಲ. ಆರು ತಿಂಗಳ ನಂತರ ಬೇಕಾದಾಗ ಬೆಂಗಳೂರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಣವನ್ನು ಖರೀದಿದಾರನಿಗೆ ರಕ್ಷಣೆ ಇರುವ ಮಾರ್ಗದಲ್ಲೇ ಕಳುಹಿಸಿ. ವ್ಯಕ್ತಿಯೊಬ್ಬನ ಬ್ಯಾಂಕ್ ಖಾತೆಗೆ ಬೇಡ. ಫೋರ್ಕ್, ಹೆಡ್‌ಸೆಟ್, ಸೀಟ್‌ಪೋಸ್ಟ್ ಸಹಿತ ಫ್ರೇಮಿಗೆ 400ರಿಂದ 800 ಡಾಲರ್ ಎಂಬುದು ನಂಬಬಹುದಾದ ಬೆಲೆ. 200ಕ್ಕೆ ಕೊಡುತ್ತೇನೆ ಎನ್ನುವವನು ಯಾವುದೋ ಒಂದು ಹಂತವನ್ನು ಬಿಟ್ಟಿರುತ್ತಾನೆ. ಇದಕ್ಕೆ ಸಾಗಣೆ ಮತ್ತು ವಿಮೆ ಕೂಡಿಸಿ, ಆ ಒಟ್ಟು ಮೊತ್ತದ ಮೇಲೆ ಆಮದು ಸುಂಕ, ಅದೆಲ್ಲದರ ಮೇಲೆ ಐಜಿಎಸ್‌ಟಿ ಬೀಳುತ್ತದೆ. ದರಗಳು ಬಜೆಟ್ಟಿಗೊಮ್ಮೆ ಬದಲಾಗುವುದರಿಂದ ಆರ್ಡರ್ ಮಾಡುವ ವಾರದಲ್ಲೇ ಕೊರಿಯರ್ ಕಂಪನಿಯಿಂದ ಲೆಕ್ಕ ಹಾಕಿಸಿಕೊಳ್ಳಿ. ಗುರುತಿನ ದಾಖಲೆಗಳನ್ನೂ ಸಿದ್ಧವಿಡಿ. ‘ಉಡುಗೊರೆ’ ಎಂದು ಬರೆಸುವ ಉಪಾಯ ಹೂಡಬೇಡಿ: ಉಡುಗೊರೆಗಿದ್ದ ಸುಂಕ ವಿನಾಯಿತಿಯನ್ನು ಭಾರತ 2019ರ ಡಿಸೆಂಬರಿನಲ್ಲೇ ತೆಗೆದುಹಾಕಿತು. ಬೆಲೆ ಕಡಿಮೆ ಬರೆಸಿದರೆ, ದಾರಿಯಲ್ಲಿ ಮುರಿದಾಗ ಸಿಗುವ ವಿಮೆಯೂ ಅಷ್ಟೇ ಕಡಿಮೆ.

ಎಲ್ಲವನ್ನೂ ಕೂಡಿಸಿದ ಮೇಲೆ, ಅಂಗಡಿಯಲ್ಲಿ ನಿಂತಿರುವ ಹೆಸರಾಂತ ಕಂಪನಿಯ ಕಾರ್ಬನ್ ಬೈಕಿನ ಬೆಲೆಯನ್ನು ಪಕ್ಕದಲ್ಲಿ ಬರೆದು ನೋಡಿ. ಹಳೆಯ ಬೈಕಿನಿಂದ ಗೇರು, ಚಕ್ರಗಳನ್ನು ಬಿಚ್ಚಿ ಹಾಕುವವರಿಗೆ ಲಾಭ ಎದ್ದು ಕಾಣುತ್ತದೆ. ಪ್ರತಿಯೊಂದು ಬಿಡಿಭಾಗವನ್ನೂ ಹೊಸದಾಗಿ ಕೊಳ್ಳುವವರಿಗೆ ಅಂತರ ಬಹಳ ಕಿರಿದಾಗುತ್ತದೆ.

ಪೆಟ್ಟಿಗೆ ಬಂದ ದಿನ

ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಪೆಟ್ಟಿಗೆಯ ಆರೂ ಮೈ ಕಾಣಲಿ. ಅದೇ ದಿನ ತಪಾಸಣೆ ಮುಗಿಸಿ, ಯಾಕೆಂದರೆ ತಕರಾರು ಹೇಳುವ ಅವಧಿ ಬೇಗ ಮುಗಿಯುತ್ತದೆ. ಒಂದು ಬಿಡಿಭಾಗ ಜೋಡಿಸಿದರೂ ‘ನೀವೇ ಹಾಳು ಮಾಡಿದ್ದು’ ಎಂಬ ಉತ್ತರ ಬರುತ್ತದೆ.

ಮೊದಲು ತೂಗಿ. ಜಾಹೀರಾತಿನ ತೂಕ ಬಣ್ಣವಿಲ್ಲದ ಸಣ್ಣ ಅಳತೆಯದ್ದು. 100 ಗ್ರಾಂ ಹೆಚ್ಚಿದ್ದರೆ ದೂರಬೇಡಿ. ಬಹಳ ಕಡಿಮೆಯಿದ್ದರೆ ಮಾತ್ರ ಅನುಮಾನಿಸಿ.

ಟಾರ್ಚ್ ಹಿಡಿದು ಫೋರ್ಕಿನ ಸ್ಟೀರರ್ ಒಳಗೆ ಇಣುಕಿ. ಇಡೀ ಬೈಕಿನಲ್ಲಿ ಮುರಿದರೆ ಹಲ್ಲು ಉಳಿಯದ ಭಾಗ ಇದು. ಬುಡದಲ್ಲಿ, ಕೊಳವೆ ಅಗಲವಾಗಿ ಎರಡು ಕಾಲುಗಳಾಗಿ ಒಡೆಯುವ ಕಡೆ, ಎಳೆಗಳ ಸುಕ್ಕು, ಅಂಟು ತಲುಪದೆ ಒಣಗಿ ಬೆಳ್ಳಗಾದ ಮಚ್ಚೆ, ಗುಳಿ ಇವೆಯೇ ನೋಡಿ. ಸಣ್ಣ ಗೀರು, ಚೀಲದ ಪ್ಲಾಸ್ಟಿಕ್ ಚೂರು ಇದ್ದರೆ ಪರವಾಗಿಲ್ಲ. ಎಳೆ ಮಡಚಿ ಏಣು ಎದ್ದಿದ್ದರೆ ಆ ಫೋರ್ಕನ್ನು ಹಾಕಬೇಡಿ; ಚೌಕಾಸಿಗೂ ಇಳಿಯಬೇಡಿ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಫ್ರೇಮಿನ ಒಳಗೂ ಹೀಗೆಯೇ ನೋಡಬಹುದು. ಹೆಡ್ ಟ್ಯೂಬಿನ ಹಿಂಭಾಗ ಮತ್ತು ಬಾಟಮ್ ಬ್ರಾಕೆಟ್ ಸುತ್ತ ಸುಕ್ಕು ಹೆಚ್ಚಾಗಿ ಕಾಣುವ ಜಾಗಗಳು.

ಆಮೇಲೆ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಾರ್ಬನ್ ಚುರುಕಾಗಿ ದನಿ ಕೊಡುತ್ತದೆ; ಪದರ ಬಿಟ್ಟ ಕಡೆ ಮಾಗಿದ ಹಲಸಿನ ಕಾಯಿಯಂತೆ ಬೊದ್ದು ಸದ್ದು. ಕೊಳವೆಯ ದಪ್ಪ ಬದಲಾದಂತೆ ದನಿ ನಿಧಾನವಾಗಿ ಬದಲಾಗುವುದು ಸಹಜ. ಒಂದೇ ಬೆರಳಗಲದ ಜಾಗದಲ್ಲಿ ದಿಢೀರನೆ ಸತ್ತರೆ, ಎದುರು ಬದಿಯ ಅದೇ ಜಾಗವನ್ನು ತಟ್ಟಿ ಹೋಲಿಸಿ.

ನೆಟ್ಟಗಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂಚಕ್ರದ ಆಕ್ಸಲ್ ಕೂರುವ ಒಂದು ಬದಿಯಿಂದ ಹೊರಟು, ಹೆಡ್ ಟ್ಯೂಬನ್ನು ಬಳಸಿ, ಇನ್ನೊಂದು ಬದಿಗೆ ದಾರ ಬಿಗಿಯಾಗಿ ಎಳೆಯಿರಿ. ಸೀಟ್ ಟ್ಯೂಬಿನಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಅಳೆಯಿರಿ. ಒಂದು ಮಿ.ಮೀ. ವ್ಯತ್ಯಾಸ ಸಹಿಸಬಹುದು, ಮೂರು ಬಂದರೆ ಪತ್ರ ಬರೆಯಿರಿ. ನಂತರ ಡಿಸ್ಕ್ ರೋಟರ್ (ಬ್ರೇಕಿನ ತಟ್ಟೆ), ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕದ ಚಕ್ರಗಳನ್ನು ಕೂರಿಸಿ ನೋಡಿ. ಚಕ್ರ ಒಂದು ಬದಿಗೆ ವಾಲಿದರೆ ಅದನ್ನು ತಿರುಗಿಸಿ ಹಾಕಿ. ವಾಲುವ ಬದಿಯೂ ತಿರುಗಿದರೆ ತಪ್ಪು ಚಕ್ರದ್ದು. ಅದೇ ಬದಿಗೆ ವಾಲಿದರೆ ಫ್ರೇಮಿನದ್ದು. ಟೈರಿನ ಸುತ್ತ ಎಲ್ಲ ಕಡೆ ಕನಿಷ್ಠ 4 ಮಿ.ಮೀ. ಖಾಲಿ ಇರಲಿ. ಮುಂಗಾರಿನ ಕೆಸರಿಗೆ ಅಷ್ಟೂ ಬೇಕು.

ಜೋಡಣೆ

ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಶುರು ಮಾಡಬೇಡಿ. ಸ್ಟೀಲ್ ಸೈಕಲ್ಲಿನಲ್ಲಿ ಕೈ ಅಂದಾಜು ನಡೆಯುತ್ತಿತ್ತು. ಇಲ್ಲಿ ಅರ್ಧ ಸುತ್ತು ಹೆಚ್ಚಾದರೆ ಕಾರ್ಬನ್ ಸದ್ದಿಲ್ಲದೆ ಒಳಗೆ ಬಿರುಕು ಬಿಡುತ್ತದೆ. ಬಿಡಿಭಾಗದ ಮೇಲೆ ಅಚ್ಚೊತ್ತಿದ ಸಂಖ್ಯೆ ಗರಿಷ್ಠ ಮಿತಿ, ಗುರಿಯಲ್ಲ. ಇದರ ಜೊತೆ ಕಾರ್ಬನ್ ಪೇಸ್ಟ್ ಬೇಕು: ಸಣ್ಣ ಹರಳುಗಳಿರುವ ಈ ಪೇಸ್ಟು ಹಿಡಿತ ಹೆಚ್ಚಿಸುವುದರಿಂದ ಕಡಿಮೆ ಬಿಗಿಯಲ್ಲೇ ಸೀಟ್‌ಪೋಸ್ಟ್ ನಿಲ್ಲುತ್ತದೆ. ಕಾರ್ಬನ್ ಕಾರ್ಬನ್ನಿಗೆ ತಾಗುವ ಕಡೆ ಗ್ರೀಸ್ ಹಚ್ಚಬೇಡಿ, ತಿರುಪುಗಳಿಗೆ ಹಚ್ಚಿ.

ಬಾಟಮ್ ಬ್ರಾಕೆಟ್ಟಿನಿಂದ ಆರಂಭಿಸಿ. ಬಿಎಸ್‌ಎ ಬಗೆಯಲ್ಲಿ ಚೈನಿನ ಬದಿಯ ತಿರುಪು ಉಲ್ಟಾ: ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ತಿರುಪಿನೊಳಗೆ ಬಣ್ಣ ಸೇರಿದ್ದರೆ ಬಲ ಹಾಕದೆ ಮೊದಲು ಸ್ವಚ್ಛಗೊಳಿಸಿ. ಕೈಬೆರಳಿನಲ್ಲೇ ಹಲವು ಸುತ್ತು ಒಳಹೋಗಬೇಕು. ಶಿಮಾನೊ ಕಂಪನಿಯ ಕಪ್ಪುಗಳಿಗೆ (ಬೇರಿಂಗ್ ಹಿಡಿದಿರುವ ತಿರುಪಿನ ಬಟ್ಟಲುಗಳು) 35–50 ನ್ಯೂಟನ್ ಮೀಟರ್ ಬಿಗಿ. ಪೆಡಲ್ ಕೂರುವ ಕ್ರ್ಯಾಂಕಿನ ಎಡಗೈಯ ಎರಡು ಬೋಲ್ಟುಗಳನ್ನು ಒಂದರ ನಂತರ ಒಂದು, ಸ್ವಲ್ಪ ಸ್ವಲ್ಪವಾಗಿ, 12–14ಕ್ಕೆ ತನ್ನಿ. ಒಂದನ್ನೇ ಪೂರ್ತಿ ಬಿಗಿಸಿದರೆ ಇನ್ನೊಂದು ಸಡಿಲವಾಗುತ್ತದೆ.

ಫೋರ್ಕಿನ ಸ್ಟೀರರ್ ಕತ್ತರಿಸುವುದು ಎಲ್ಲರಿಗೂ ಭಯ ಹುಟ್ಟಿಸುವ ಹೆಜ್ಜೆ. ಭಯ ನ್ಯಾಯವಾದದ್ದೇ, ಯಾಕೆಂದರೆ ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗುವುದಿಲ್ಲ. ಹೆಡ್‌ಸೆಟ್, ಸ್ಪೇಸರ್, ಸ್ಟೆಮ್ ಎಲ್ಲವನ್ನೂ ಜೋಡಿಸಿ, ಸ್ಟೆಮ್ಮಿನ ಮೇಲೆ 5 ಮಿ.ಮೀ.ನ ಒಂದು ಸ್ಪೇಸರ್ ಇಟ್ಟು, ಅದರ ಮೇಲಂಚಿಗಿಂತ 2–3 ಮಿ.ಮೀ. ಕೆಳಗೆ ಗೆರೆ ಎಳೆಯಿರಿ. ಮೊದಲ ಬಾರಿಗೆ ಬೇಕೆಂದೇ ಎರಡು ಸೆಂಟಿಮೀಟರ್ ಉದ್ದ ಉಳಿಸಿ, ಸ್ಟೆಮ್ಮಿನ ಮೇಲೆ ಸ್ಪೇಸರುಗಳನ್ನು ಪೇರಿಸಿ ಕೆಲವು ವಾರ ಓಡಿಸಿ. ಕೂರುವ ಭಂಗಿ ನಿಶ್ಚಯವಾದ ಮೇಲೆ ಅಂತಿಮವಾಗಿ ಕತ್ತರಿಸಿ. ನೋಡಲು ಕೊಳಕಾಗಿರುತ್ತದೆ, ಇರಲಿ. ಗೆರೆಯ ಸುತ್ತ ಟೇಪ್ ಸುತ್ತಿ, ಗರಗಸ ನೇರ ಓಡಲು ಮಾರ್ಗದರ್ಶಿ ಕಟ್ಟು ಬಳಸಿ, ಇಂಚಿಗೆ 32 ಹಲ್ಲಿನ ಅಲಗಿನಿಂದ ಕತ್ತರಿಸಿ. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಕೇಡು: ಎನ್95 ಮಾಸ್ಕ್, ಕೈಗವಸು ಹಾಕಿ, ನೀರು ಚಿಮುಕಿಸುತ್ತ, ಮನೆಯ ಹೊರಗೆ ಈ ಕೆಲಸ ಮಾಡಿ. ಒಳಗೆ ಹಾಕುವುದು ಹಿಗ್ಗುವ ಪ್ಲಗ್ ಆಗಿರಬೇಕು. ಅಲ್ಯೂಮಿನಿಯಂ ಸ್ಟೀರರಿಗೆ ಬಡಿದು ಕೂರಿಸುವ ನಕ್ಷತ್ರದ ನಟ್ಟನ್ನು ಕಾರ್ಬನ್ನಿಗೆ ಎಂದೂ ಬಡಿಯಬೇಡಿ. ಸ್ಟೆಮ್ ಹಿಡಿಯುವ ಜಾಗದ ನೇರ ಒಳಗೇ ಆ ಪ್ಲಗ್ ಇರಬೇಕು, ಆಗ ಕೊಳವೆ ಒಳಗಿನಿಂದ ಆಸರೆ ಪಡೆಯುತ್ತದೆ. ಸ್ಟೆಮ್ಮಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್.

ಹೆಡ್‌ಸೆಟ್ ಬೇರಿಂಗುಗಳನ್ನು ಕೂರಿಸುವ ಮೊದಲು ಅದರ ಮೇಲಿನ ಹೊರವ್ಯಾಸ, ದಪ್ಪ, ಕೋನದ ಗುರುತುಗಳ ಫೋಟೊ ತೆಗೆದಿಡಿ. ಫ್ರೇಮಿನಲ್ಲಿ ಬೇರಿಂಗ್ ಕೂರುವ ಕಡೆ ಬಣ್ಣದ ಹನಿ, ಅಂಟಿನ ಗಂಟು ಇದ್ದರೆ ನುಣ್ಣನೆಯ ಮರಳುಕಾಗದದಿಂದ ಅದನ್ನಷ್ಟೇ ತೆಗೆಯಿರಿ. ಜಲನಿರೋಧಕ ಗ್ರೀಸನ್ನು ಧಾರಾಳವಾಗಿ ಹಚ್ಚಿ. ಹೋಸುಗಳು ಹಾಯುವ ಈ ಮೇಲಿನ ಬೇರಿಂಗಿಗೆ ಬೆವರೂ ಮಳೆಯೂ ನೇರವಾಗಿ ಇಳಿಯುತ್ತವೆ.

ಬ್ರೇಕ್ ಹೋಸು ತೂರಿಸುವಾಗ ಒಳಗೆ ಬಡಿದು ಸದ್ದಾಗದಂತೆ ಫೋಮ್ ಕೊಳವೆ ಹಾಕಿ. ಇದನ್ನು ಮರೆತರೆ ಪ್ರತಿ ಹಂಪಿನಲ್ಲೂ ಗಿಲಕಿ. ಯಾವ ಲಿವರಿಗೆ ಮುಂದಿನ ಬ್ರೇಕ್ ಎಂಬುದನ್ನು ಹೋಸು ಕತ್ತರಿಸುವ ಮೊದಲೇ ತೀರ್ಮಾನಿಸಿ. ಮೋಟಾರ್ ಸೈಕಲ್ ಓಡಿಸಿ ಬಲಗೈಯಲ್ಲಿ ಮುಂಬ್ರೇಕ್ ಹಿಡಿಯುವ ಅಭ್ಯಾಸವಿರುವವರು ರೋಡ್ ಬೈಕಿನಲ್ಲೂ ಹಾಗೆಯೇ ಇಟ್ಟುಕೊಳ್ಳುವುದು ಕ್ಷೇಮ, ಯಾಕೆಂದರೆ ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಓಡುತ್ತದೆ.

ಹಿಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಭಾಗ) ಬೋಲ್ಟಿನ ಉದ್ದ ಹಲವರನ್ನು ಸತಾಯಿಸುವ ವಿಷಯ. ಶಿಮಾನೊ ಲೆಕ್ಕ ಸರಳ: ಬಾಟಮ್ ಬ್ರಾಕೆಟ್ಟಿನಿಂದ ಹಿಂಚಕ್ರಕ್ಕೆ ಹೋಗುವ ಚೈನ್ ಸ್ಟೇ ಕೊಳವೆಯ ಮೇಲೆ ಕ್ಯಾಲಿಪರ್ ಕೂರುವ ಜಾಗದ ದಪ್ಪಕ್ಕೆ 13 ಮಿ.ಮೀ. ಕೂಡಿಸಿ. ದಪ್ಪ 25 ಇದ್ದರೆ ಬೋಲ್ಟು 38. ಕ್ಯಾಲಿಪರ್ ಕೂರುವ ಮೈ ಸಮತಟ್ಟಾಗಿಲ್ಲದಿದ್ದರೆ ಎಷ್ಟು ಸರಿಹೊಂದಿಸಿದರೂ ಪ್ಯಾಡು ಉಜ್ಜುತ್ತಲೇ ಇರುತ್ತದೆ. ದಪ್ಪ ಬಣ್ಣವೇ ಕಾರಣವಾಗಿದ್ದರೆ ಕೈಯಿಂದ ಕೆರೆಯಬಹುದು. ಅದಕ್ಕಿಂತ ಆಳದ ತಪ್ಪಾದರೆ ಮೈಯನ್ನು ಸಮತಟ್ಟು ಮಾಡುವ ಫೇಸಿಂಗ್ ಉಪಕರಣ ಇರುವ ಅಂಗಡಿಗೆ ಒಯ್ಯಿರಿ. ರೋಟರಿನ ಲಾಕ್‌ರಿಂಗಿಗೆ ಮತ್ತು ಕ್ಯಾಸೆಟ್ಟಿಗೆ 40 ನ್ಯೂಟನ್ ಮೀಟರ್. ಶಿಮಾನೊ ಬ್ರೇಕಿಗೆ ಮಿನರಲ್ ಎಣ್ಣೆ ಮಾತ್ರ. ಕಾರಿನ ಡಾಟ್ ಎಣ್ಣೆ ಹಾಕಿದರೆ ಸೀಲುಗಳು ಹಾಳಾಗುತ್ತವೆ.

ಗೇರಿನ ಹೊಂದಾಣಿಕೆಗೆ ಮುನ್ನ ಹ್ಯಾಂಗರ್ ನೆಟ್ಟಗಿದೆಯೇ ಎಂದು ಅಳೆಸಿ. ಹೊಸ ಫ್ರೇಮಿನಲ್ಲೂ ಅದು ವಾಲಿರುವುದುಂಟು. ಆಗ ಗೇರಿನ ತಿರುಪುಗಳನ್ನು ದಿನವಿಡೀ ತಿರುಗಿಸುತ್ತ ಕುಳಿತರೂ ಪ್ರಯೋಜನವಿಲ್ಲ. ಉಳಿದ ಗೇರಿನ ಕೆಲಸ ಯಾವ ರೋಡ್ ಬೈಕಿನಲ್ಲೂ ಇರುವಂಥದ್ದೇ.

ಚಕ್ರಗಳಿಗೆ ಮೊದಲ ವರ್ಷ ಅಲ್ಯೂಮಿನಿಯಂ ರಿಮ್ಮೇ ಸಾಕು. ಒಂದೇ ಬೈಕಿನಲ್ಲಿ ಎರಡು ಅಪರಿಚಿತರನ್ನು ಏಕಕಾಲದಲ್ಲಿ ನಂಬುವ ಅಗತ್ಯವಿಲ್ಲ. ಕಾರ್ಬನ್ ಚಕ್ರವನ್ನೇ ಕೊಂಡರೆ ಟೈರಿನ ಅಂಚು ಕಚ್ಚಿಕೊಳ್ಳುವ ಕೊಕ್ಕೆ ಇರುವ ರಿಮ್ ಆರಿಸಿ. ಕೊಕ್ಕೆಯಿಲ್ಲದ ರಿಮ್ಮಿನಲ್ಲಿ ಗಾಳಿಯ ಒತ್ತಡ 72.5 ಪಿಎಸ್ಐ, ಅಂದರೆ 5 ಬಾರ್ ಮೀರುವಂತಿಲ್ಲ. ಅದಕ್ಕೊಪ್ಪುವ ಟೈರುಗಳೂ ಬೇರೆ.

ರಸ್ತೆಗಿಳಿಯುವುದು

ಮೊದಲ ಸವಾರಿ ಮನೆಯ ಸುತ್ತಲಿನ ಖಾಲಿ ರಸ್ತೆಯಲ್ಲಿ. ಹೊಸ ಡಿಸ್ಕ್ ಪ್ಯಾಡುಗಳನ್ನು ಪಳಗಿಸಲು ಮಧ್ಯಮ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುವುದನ್ನು ಇಪ್ಪತ್ತರಷ್ಟು ಬಾರಿ ಮಾಡಿ, ಪೂರ್ತಿ ನಿಲ್ಲಬೇಡಿ. ನಿಂತು ತುಳಿಯಿರಿ, ಬಾರನ್ನು ಎಡಬಲಕ್ಕೆ ಎಳೆಯಿರಿ, ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿ. ಮನೆಗೆ ಬಂದ ಕೂಡಲೇ ಸ್ಟೆಮ್, ಸೀಟ್‌ಪೋಸ್ಟ್, ಕ್ಯಾಲಿಪರ್, ಕ್ರ್ಯಾಂಕಿನ ಬೋಲ್ಟುಗಳನ್ನು ಮತ್ತೆ ಟಾರ್ಕ್ ವ್ರೆಂಚಿಗೆ ಒಪ್ಪಿಸಿ. ಸೀಟ್‌ಪೋಸ್ಟಿಗೆ ಟೇಪಿನ ಗುರುತು ಹಾಕಿಟ್ಟರೆ ಅದು ಜಾರುತ್ತಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ಎರಡನೆಯ ಹಂತದಲ್ಲಿ ಹದಗೆಟ್ಟ ರಸ್ತೆ, ಆದರೆ ನಿಧಾನ ವೇಗ. ಬೆಟ್ಟದ ಇಳಿಜಾರು ಕೊನೆಗೆ. ಬೆಂಗಳೂರಿನವರು ಹೊಸ ಬೈಕ್ ಕಟ್ಟಿದ ವಾರವೇ ನಂದಿಗೆ ಹೊರಡುತ್ತಾರೆ. ಹತ್ತುವುದರಲ್ಲಿ ಅಪಾಯವಿಲ್ಲ, 1478 ಮೀಟರ್ ಎತ್ತರದಿಂದ ತಿರುವು ತಿರುವಿನಲ್ಲಿ ಇಳಿಯುವಾಗ ಮುಂಬ್ರೇಕಿನ ಪೂರ್ತಿ ಬಲ ಬೀಳುವುದು ನೀವು ಟಾರ್ಚ್ ಹಾಕಿ ನೋಡಿದ ಆ ಸ್ಟೀರರಿನ ಬುಡದ ಮೇಲೆ. ಒಂದಿಷ್ಟು ವಾರದ ಸವಾರಿಯ ನಂತರ, ಎಲ್ಲ ಬೋಲ್ಟುಗಳೂ ನಿಂತಲ್ಲಿ ನಿಂತಿವೆ ಎಂದಾದ ಮೇಲೆ ಹೋಗಿ. 70 ಕಿಲೋ ತೂಕದವರು 28 ಮಿ.ಮೀ. ಟೈರಿನಲ್ಲಿ 65–75 ಪಿಎಸ್ಐ ಇಟ್ಟುಕೊಂಡರೆ ಸಾಕು. 100 ತುಂಬಿಸುವುದು ಹಳೆಯ ಕಾಲದ ಚಟ. ಅದರಿಂದ ವೇಗವೂ ಬರುವುದಿಲ್ಲ, ಮೈಯೂ ಉಳಿಯುವುದಿಲ್ಲ. ಗುರುತಿಲ್ಲದ ಹಂಪುಗಳ ಮೇಲೆ ಸೀಟಿನಿಂದ ಎದ್ದು, ಮೊಣಕೈ ಸಡಿಲಿಸಿ ದಾಟಿಸಿ.

ಸ್ಟೀಲು, ಅಲ್ಯೂಮಿನಿಯಂ ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗಿಯಾದರೂ ಸುಳಿವು ಕೊಡುತ್ತವೆ. ಕಾರ್ಬನ್ ಬಾಗಿ ತೋರಿಸುವುದಿಲ್ಲ. ಆದ್ದರಿಂದ ತೊಳೆಯುವುದೇ ಇದರ ತಪಾಸಣೆ: ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಇಡೀ ಫ್ರೇಮ್ ಒರೆಸುತ್ತ ಬೆರಳಿಗೆ ಏನಾದರೂ ತಾಗುತ್ತದೆಯೇ ನೋಡಿ. ಗೆರೆಯೊಂದು ಕಂಡರೆ ಅದರ ತುದಿಗಳಿಗೆ ಪೆನ್ಸಿಲ್ ಗುರುತು ಹಾಕಿ. ಬಣ್ಣದ ಬಿರುಕು ಅಲ್ಲೇ ಇರುತ್ತದೆ. ಗುರುತು ದಾಟಿ ಬೆಳೆದರೆ, ಅಥವಾ ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗಾದರೆ, ಬೈಕ್ ನಿಲ್ಲಿಸಿ. ಜೋರಾಗಿ ಮುಗ್ಗರಿಸಿ ಬಿದ್ದರೆ ಫೋರ್ಕಿನ ಬಗ್ಗೆ ವಾದ ಬೇಡ, ಹೊಸದು ಹಾಕಿ. ಬೈಕನ್ನು ರಿಪೇರಿ ಸ್ಟ್ಯಾಂಡಿಗೆ ಸಿಕ್ಕಿಸುವಾಗ ಸೀಟ್‌ಪೋಸ್ಟಿನಿಂದ ಹಿಡಿಸಿ, ಟಾಪ್ ಟ್ಯೂಬಿನಿಂದ ಎಂದೂ ಬೇಡ. ಕಾರಿನ ಹಿಂದೆ ಕಟ್ಟುವ ರ‍್ಯಾಕಿಗೂ ಇದೇ ನಿಯಮ.

ವರ್ಷಕ್ಕೊಮ್ಮೆ, ಮುಂಗಾರು ಮುಗಿದ ಮೇಲೆ, ಫೋರ್ಕ್ ಮತ್ತು ಸೀಟ್‌ಪೋಸ್ಟ್ ಹೊರತೆಗೆಯಿರಿ. ಮಂಗಳೂರು, ಕಾರವಾರದ ಕಡೆಯವರು ವರ್ಷಕ್ಕೆರಡು ಬಾರಿ ತೆಗೆದರೂ ತಪ್ಪಿಲ್ಲ: ಉಪ್ಪುಗಾಳಿಯಲ್ಲಿ ಕಾರ್ಬನ್ನಿಗೆ ತಾಗಿದ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ, ಸೀಟ್‌ಪೋಸ್ಟ್ ಫ್ರೇಮಿಗೇ ಬೆಸೆದುಕೊಳ್ಳುತ್ತದೆ. ಮನೆಯೊಳಗೆ ಟ್ರೇನರ್ ಮೇಲೆ ತುಳಿಯುವವರ ಬೆವರೂ ಇದೇ ಕೆಲಸ ಮಾಡುತ್ತದೆ, ಟವೆಲ್ ಹೊದಿಸಿ.

ಈ ಬೈಕನ್ನು ಮುಂದೊಂದು ದಿನ ಮಾರುವ ಲೆಕ್ಕಾಚಾರ ಇಟ್ಟುಕೊಳ್ಳಬೇಡಿ. ಹೆಸರಿಲ್ಲದ ಫ್ರೇಮಿಗೆ ಕೊಳ್ಳುವವನು ಬೆಲೆ ಕಟ್ಟುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಅವನು ನಿಮ್ಮ ತಪಾಸಣೆಯನ್ನು ನೋಡಿಲ್ಲ. ಬೇಕಾದರೆ ಗೇರು, ಚಕ್ರಗಳನ್ನು ಬಿಚ್ಚಿ ಮಾರಿ. ಯಾರಿಗಾದರೂ ಪೂರ್ತಿ ಬೈಕನ್ನೇ ಕೊಡುವುದಾದರೆ ಪೆಟ್ಟಿಗೆ ಬಂದ ದಿನದ ವಿಡಿಯೊ, ಬೇರಿಂಗ್ ಮತ್ತು ಆಕ್ಸಲ್ ಅಳತೆಗಳ ಚೀಟಿ, ಉಳಿದಿರುವ ಹ್ಯಾಂಗರ್ ಜೊತೆಗೇ ಕೊಡಿ. ಬಿದ್ದದ್ದಿದ್ದರೆ ಅದನ್ನೂ ಹೇಳಿ.